ಮರಗಳ ಮೇಷ್ಟರು ಮತ್ತು ನಮ್ಮ ಕಾಂದಿವಲಿ

ನಮ್ಮ ಪತ್ರಿಕೆಯಲ್ಲಿ ಪ್ರವಾಸ ಲೇಖನಗಳಿಗೆ ಬರವಿಲ್ಲ. ದುಬೈ ನೋಡಿ ಬಂದವರು, ಸಿಂಗಪುರ ನೋಡಿ ಬಂದವರು, ಮಗನ ಮನೆಯೆಂದು ಅಮೆರಿಕೆಯಲ್ಲಿ ಆರು ತಿಂಗಳು ಇದ್ದು ಬಂದವರು, ಎಲ್ಲರೂ ಬರೆದಿದ್ದಾರೆ. ನಾವೂ ಆಸೆಯಿಂದ ಓದಿದ್ದೇವೆ. ನಮ್ಮ ಸ್ವಂತ ಪ್ರವಾಸವೆಂದರೆ ಕಾಂದಿವಲಿಯಿಂದ ಚರ್ಚ್‌ಗೇಟಿಗೆ, ಮತ್ತೆ ಚರ್ಚ್‌ಗೇಟಿನಿಂದ ಕಾಂದಿವಲಿಗೆ. ಬೆಳಗಿನ ಲೋಕಲ್ ಗಾಡಿಯಲ್ಲಿ ಎರಡು ಕಾಲನ್ನೂ ಒಟ್ಟಿಗೆ ಊರುವಷ್ಟು ಸ್ಥಳ ಗಳಿಸುವುದೂ ಒಂದು ಸಾಹಸವೆಂದು ಯಾರಾದರೂ ಒಪ್ಪುವುದಾದರೆ ನಾವೂ ಸಾಹಸಿಗಳೇ. ಇಲ್ಲವಾದರೆ ಸರಕಾರಿ ಕಚೇರಿಯ ಗುಮಾಸ್ತರಿಗೆ ಪ್ರವಾಸ ಕಥನ ಬರೆಯುವ ಯೋಗ್ಯತೆ ಸಾಲದು. ಆದಕಾರಣ ಈ ಸಲ ಬೇರೊಬ್ಬರ ತಿರುಗಾಟವನ್ನು ಕುರಿತು ಬರೆಯುತ್ತಿದ್ದೇವೆ. ಅವರೂ ನಮ್ಮ ಹಾಗೆ ಕನ್ನಡನಾಡಿನ ಹೊರಗೆ ಸಂಬಳ ಎಣಿಸಿದವರು. ಆದರೆ ಇದ್ದ ನೆಲವನ್ನು ಕಾಲಿನಿಂದ ಅಳೆದವರು.

ಅವರು ಬಿ. ಜಿ. ಎಲ್. ಸ್ವಾಮಿ. ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಪೂರ್ತಿ ಹೆಸರು. ಕಗ್ಗದ ಡಿ. ವಿ. ಗುಂಡಪ್ಪನವರ ಮಗ ಎಂದರೆ ಮನೆಯ ಹಿರಿಯರಿಗೆ ಥಟ್ಟನೆ ಗುರುತು ಹತ್ತುತ್ತದೆ. ಪುಟ್ಟಣ್ಣ ಕಣಗಾಲರು ೧೯೭೬ರಲ್ಲಿ ಚಿತ್ರವಾಗಿ ತೆಗೆದ 'ಕಾಲೇಜು ರಂಗ'ದ ಮೂಲ ಕಾದಂಬರಿ ಅವರದೇ ಎಂದರೆ ಉಳಿದವರಿಗೂ ಹತ್ತಬಹುದು. ಕಸುಬಿನಿಂದ ಅವರು ಸಸ್ಯಶಾಸ್ತ್ರದ ಮೇಷ್ಟರು. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿದ್ವಾಂಸರ ಬಳಿ ಸಂಶೋಧನೆ ಮಾಡಿದರು. ಹಿಂತಿರುಗಿದ ಮೇಲೆ, ಐವತ್ತರ ದಶಕದಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ ಪ್ರಾಧ್ಯಾಪಕರಾಗಿ, ಮುಂದೆ ಅಲ್ಲಿಯೇ ಪ್ರಿನ್ಸಿಪಾಲರೂ ಆದರು. ೧೯೮೦ರಲ್ಲಿ ತೀರಿಕೊಂಡರು. ಅಮೆರಿಕೆಯ ವಾಸದಿಂದ 'ಅಮೆರಿಕದಲ್ಲಿ ನಾನು' ಎಂಬ ಪುಸ್ತಕ ಹುಟ್ಟಿತು. ಮದರಾಸಿನ ವಾಸದಿಂದ 'ತಮಿಳು ತಲೆಗಳ ನಡುವೆ' ಹುಟ್ಟಿತು. ಆದರೆ ನಾವು ಮತ್ತೆ ಮತ್ತೆ ಕಪಾಟಿನಿಂದ ತೆಗೆಯುವುದು ೧೯೭೬ರ 'ಹಸುರು ಹೊನ್ನು' ಎಂಬ ಪುಸ್ತಕವನ್ನು. ೧೯೬೭ರಲ್ಲಿ ತಂದೆಗೆ ಸಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ೧೯೭೮ರಲ್ಲಿ ಮಗನಿಗೆ ಸಂದದ್ದು ಈ ಪುಸ್ತಕಕ್ಕಾಗಿ.

'ಹಸುರು ಹೊನ್ನು' ಎಂದರೆ ಮೇಷ್ಟರೊಬ್ಬರು ಮದರಾಸಿನ ಹುಡುಗ ಹುಡುಗಿಯರ ದಂಡನ್ನು ಕಟ್ಟಿಕೊಂಡು ಸಹ್ಯಾದ್ರಿಯ ಕಾಡುಗಳಲ್ಲಿ ಅಲೆದ ಕಥೆ. ಸಸ್ಯಶಾಸ್ತ್ರ ಓದುವವರು ಆಗಾಗ ಕಾಡಿಗೆ ಹೋಗಿ ಗಿಡಮರಗಳನ್ನು ಅವು ಇದ್ದಲ್ಲಿಯೇ ನೋಡಬೇಕೆಂಬುದು ಕಾಲೇಜುಗಳ ಹಳೆಯ ಪದ್ಧತಿ. ಪದ್ಧತಿಯೆಂದ ಮೇಲೆ ಅದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸುವವರೂ ಇರುತ್ತಾರೆ: ಬಸ್ಸಿನ ಕಿಟಕಿಯಿಂದ ಬೆಟ್ಟ ತೋರಿಸಿ, ಜಲಪಾತದ ಮುಂದೆ ಫೋಟೋ ಹಿಡಿಸಿ, ವರದಿಗೆ ಸಹಿ ಹಾಕಿದರಾಯಿತು. ಸ್ವಾಮಿಯವರು ಹಾಗೆ ಮಾಡಿದವರಲ್ಲ. ಒಂದು ಗಿಡ ಎದುರಾದರೆ ಅದರ ಎಲೆ ಹೇಗೆ ಜೋಡಣೆಗೊಂಡಿದೆ, ಹೂವಿನ ದಳ ಎಷ್ಟು, ತೊಗಟೆ ಕೆತ್ತಿದರೆ ಹಾಲು ಬರುವುದೋ ಅಂಟು ಬರುವುದೋ, ಊರವರು ಅದನ್ನು ಏನೆಂದು ಕರೆಯುತ್ತಾರೆ, ಯಾವ ಬೇನೆಗೆ ಅರೆದು ಕುಡಿಸುತ್ತಾರೆ, ಯಾವ ಕವಿ ಅದನ್ನು ಹಾಡಿದ್ದಾನೆ, ಇಷ್ಟೂ ಅವರಿಗೆ ಪಾಠವೇ. ಹಳಗನ್ನಡ, ಸಂಸ್ಕೃತ, ತಮಿಳು ಮೂರರ ಕಾವ್ಯವೂ ಅವರ ಜೋಳಿಗೆಯಲ್ಲಿತ್ತು. ನಡುನಡುವೆ ಹುಡುಗರ ತುಂಟಾಟ, ಊಟದ ಪರದಾಟ, ಮೇಷ್ಟರ ತಾಳ್ಮೆಯ ಪರೀಕ್ಷೆ. ನಗುತ್ತ ನಗುತ್ತ ಪುಟ ತಿರುವಿದವನಿಗೆ ಕೊನೆಗೆ ನೂರಾರು ಗಿಡಮರಗಳ ಪರಿಚಯವಾಗಿರುತ್ತದೆ.

ಈ ಕೆಲಸ ಹೊರಗಿನಿಂದ ನೋಡಿದಷ್ಟು ಹಗುರವಲ್ಲ. ಮಳೆಗಾಲದ ಸಹ್ಯಾದ್ರಿ ಎಂದರೆ ನಮ್ಮ ಕುಂದಾಪುರದ ಕಡೆಯವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ಘಟ್ಟದ ದಾರಿಯಲ್ಲಿ ಉಂಬಳಗಳು ಕಾಲಿಗೆ ಹತ್ತಿದ್ದು ರಕ್ತ ಕಂಡ ಮೇಲೆಯೇ ತಿಳಿಯುತ್ತದೆ. ಅಂಥ ಕಡೆ ಹೂವಿರುವ ರೆಂಬೆಯನ್ನು ಆರಿಸಿ ಕತ್ತರಿಸಬೇಕು, ಬಾಡದಂತೆ ಡಬ್ಬಿಯಲ್ಲಿ ತರಬೇಕು, ಆ ರಾತ್ರಿಯೇ ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ ಹಲಗೆಯಿಂದ ಒತ್ತಬೇಕು, ತೇವ ಹೀರಿದ ಹಾಳೆಗಳನ್ನು ದಿನದಿನವೂ ಬದಲಿಸಬೇಕು. ಯಾವ ತಾರೀಖು, ಯಾವ ಸ್ಥಳ, ಎಷ್ಟು ಎತ್ತರ ಎಂದು ಬರೆದಿಡದಿದ್ದರೆ ಪಟ್ಟ ಪಾಡೆಲ್ಲ ವ್ಯರ್ಥ. ಆ ಒಣಗಿದ ಗಿಡ ಕಡತದಿಂದ ಕಳಚಿಹೋದ ಕಾಗದದಂತೆ ಯಾವ ಕೆಲಸಕ್ಕೂ ಬಾರದು. (ಗುಮಾಸ್ತರ ಬಾಯಲ್ಲಿ ಬೇರೆ ಉಪಮೆ ಬರುವುದಾದರೂ ಹೇಗೆ?) ಪುಸ್ತಕಕ್ಕೆ ಬೇಕಾದ ಗಿಡಗಳ ಚಿತ್ರಗಳನ್ನೂ ಸ್ವಾಮಿಯವರು ತಮ್ಮ ಕೈಯಿಂದಲೇ ಬರೆದರು.

ಅವರ ಸಂಶೋಧನೆಯ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹೂಬಿಡುವ ಬಹುತೇಕ ಗಿಡಮರಗಳ ಕಟ್ಟಿಗೆಯಲ್ಲಿ ಬೇರಿನ ನೀರು ಮೇಲೇರಲು ಸೂಕ್ಷ್ಮವಾದ ನಾಳಗಳಿರುತ್ತವೆ. ಸಾರ್ಕಂಡ್ರ ಎಂಬ ಪೊದೆಗಿಡದ ಕಟ್ಟಿಗೆಯಲ್ಲಿ ಇಂಥ ನಾಳಗಳಿಲ್ಲವೆಂದು ಸ್ವಾಮಿ ಮತ್ತು ಬೈಲಿ ೧೯೫೦ರಲ್ಲಿ ಪ್ರಕಟಿಸಿದರು. ಸಸ್ಯಗಳ ಹಳೆಯ ವಂಶಾವಳಿಯನ್ನು ಹುಡುಕುವವರಿಗೆ ಅದು ದೊಡ್ಡ ಸುದ್ದಿ. ೧೯೮೭ರಲ್ಲಿ ಬೇರೊಬ್ಬ ವಿಜ್ಞಾನಿ ಇದೇ ಗಿಡದ ಬೇರಿನಲ್ಲಿ ನಾಳಗಳನ್ನು ಕಂಡರು; ಶಾಸ್ತ್ರ ಮುಂದುವರಿಯುವುದೇ ಹಾಗೆ. ನಮ್ಮ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. ದಕ್ಷಿಣ ಭಾರತದ ಒಂದು ಸಾರ್ಕಂಡ್ರಕ್ಕೆ ಸ್ವಾಮಿಯವರು 'ಇರ್ವಿಂಗ್‌ಬೈಲಿಯೈ' ಎಂದು ನಾಮಕರಣ ಮಾಡಿದರು. ಏಳು ಸಮುದ್ರದಾಚೆಯ ಗುರುವಿನ ಹೆಸರು ನಮ್ಮ ಕಡೆಯ ಗಿಡಕ್ಕೆ ಬಂದಿತು. ಗುರುದಕ್ಷಿಣೆಯನ್ನು ಇದಕ್ಕಿಂತ ಸೊಗಸಾಗಿ ಒಪ್ಪಿಸಿದವರನ್ನು ನಾವು ಕೇಳಿಲ್ಲ.

ಇನ್ನು ಭಾಷೆಯ ವಿಷಯ. ಸ್ವಾಮಿಯವರ ವೃತ್ತಿಜೀವನದ ದೊಡ್ಡ ಭಾಗ ಕಳೆದದ್ದು ತಮಿಳು ಮಾತಿನ ನಡುವೆ. ಸಂಶೋಧನೆಯ ಬರಹವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯಿರೆಂದು ಒತ್ತಾಯಪಡಿಸಲು ಅಲ್ಲಿ ಯಾವ ಮೇಲಧಿಕಾರಿಯೂ ಇರಲಿಲ್ಲ. ಬರೆದದ್ದಕ್ಕೆ ಬಡ್ತಿಯೂ ಇರಲಿಲ್ಲ. ಹಾಗಿದ್ದೂ ಗಿಡಮರಗಳನ್ನು ಕುರಿತು ಕನ್ನಡದಲ್ಲಿ ಬಂದ ಅತ್ಯಂತ ರುಚಿಯಾದ ಪುಸ್ತಕ ಹೊರನಾಡಿನಲ್ಲಿ ದುಡಿದ ಈ ಮೇಷ್ಟರ ಲೇಖನಿಯಿಂದ ಬಂದಿತು. 'ನಾವು ಹೊರಗಿರುವವರು, ನಮ್ಮಿಂದ ಕನ್ನಡಕ್ಕೆ ಏನಾದೀತು' ಎಂದು ಸಂಘದ ಸಭೆಗಳಲ್ಲಿ ನಿಟ್ಟುಸಿರು ಬಿಡುವವರು ಇದನ್ನು ಸ್ವಲ್ಪ ನೆನೆಯಬೇಕು.

ವಲಸೆಯೆಂಬ ಮಾತಿಗೇ ಅವರು ಬೇರೊಂದು ಬೆಳಕು ತೋರಿಸಿದ್ದುಂಟು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬುದು ಅವರ ಇನ್ನೊಂದು ಪುಸ್ತಕ. ದೂರದೇಶದಿಂದ ಬಂದು ನಮ್ಮ ಅಡುಗೆಮನೆಯಲ್ಲಿ ನೆಲೆಸಿದ ತರಕಾರಿ, ಹಣ್ಣುಗಳ ಕಥೆ. ಅದನ್ನು ಓದಿದ ಮೇಲೆ ನಾವು ಕಾಂದಿವಲಿ ಸ್ಟೇಷನ್ನಿನ ಹೊರಗೆ ಕೈಯಲ್ಲಿ ಹಿಡಿದ ವಡಾಪಾವನ್ನು ಹೊಸ ಕಣ್ಣಿನಿಂದ ನೋಡಿದೆವು. ಒಳಗಿನ ಬಟಾಟೆ ದಕ್ಷಿಣ ಅಮೆರಿಕದ ಬೆಟ್ಟಗಳದು. ಬಟಾಟೆಯೆಂಬ ಹೆಸರು ಪೋರ್ಚುಗೀಜರ ಬಾಯಿಂದ ಬಂದದ್ದು. ಪಕ್ಕದ ಹಸಿಮೆಣಸು ಅಮೆರಿಕ ಖಂಡದ್ದು. ಅದು ಬರುವ ಮೊದಲು ನಮ್ಮ ಹಿರಿಯರಿಗೆ ಖಾರವೆಂದರೆ ಕಾಳುಮೆಣಸು. ಪಾವೂ ಪೋರ್ಚುಗೀಜರದೇ. ಇಷ್ಟೆಲ್ಲ ಪರದೇಶಿಗಳು ಕೂಡಿ ಮುಂಬಯಿಯ ಸ್ವಂತ ತಿಂಡಿಯೆನಿಸಿಕೊಂಡಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಯನ್ನು ಊರಿನಿಂದ ಕಟ್ಟಿ ತರುವಾಗ 'ನಮ್ಮದು' ಎಂದು ಎದೆಯುಬ್ಬಿಸುವ ನಮಗೆ, ಅದರ ಅಜ್ಜಿಯ ಮನೆ ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಬೇರೂರಿದ ಮೇಲೆ ಎಲ್ಲಿಂದ ಬಂದೆಯೆಂದು ಕೇಳುವವರಿಲ್ಲ. ಬೇರೂರುವುದೇ ಕಷ್ಟದ ಕೆಲಸ.

ಈ ಕಷ್ಟ ನಮಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಹಿರಿಯ ಮಿತ್ರರೊಬ್ಬರ ಮಾತಿನಿಂದ. ಮೂವತ್ತನಾಲ್ಕು ವರ್ಷ ಕಾಂದಿವಲಿಯಲ್ಲಿ ಸಂಸಾರ ಮಾಡಿದವರು. ಆ ಮೂವತ್ತನಾಲ್ಕು ವರ್ಷವೂ 'ನಿವೃತ್ತಿಯಾಗಲಿ, ಊರಿಗೆ ಹೋಗಿಬಿಡುತ್ತೇನೆ' ಎನ್ನುತ್ತಿದ್ದವರು. ಹಾಗೆಯೇ ಹೋದರು. ವರ್ಷ ತುಂಬುವ ಮೊದಲೇ ಹಿಂತಿರುಗಿ ಬಂದರು. ಮನೆಗೆ ಕರೆದು ಕಾಫಿ ಕೊಟ್ಟು, "ಏನು ರಾಯರೆ, ಊರು ಹಿಡಿಸಲಿಲ್ಲವೆ?" ಎಂದು ಕೇಳಿದೆವು.

"ಊರಿಗೇನಾಗಿದೆ ಮಾರಾಯರೆ, ಊರು ಇದ್ದ ಹಾಗೆ ಇದೆ" ಎಂದರು. "ಬಾಗಿಲಿನ ದಾರಂದಕ್ಕೆ ಮರ ಬೇಕಿತ್ತು. ಬಡಗಿ ಬಂದು, ಹಿತ್ತಲಲ್ಲಿ ಇರುವುದು ಯಾವ ಮರ ಅಂತ ಕೇಳಿದ. ನಮ್ಮಪ್ಪ ಇದ್ದಾಗಿನ ಮರ. ಅದರ ಬುಡದಲ್ಲಿ ನಾನು ಆಡಿದವನು. ಹೆಸರು ಬಾಯಿಗೆ ಬರಲಿಲ್ಲ ನೋಡಿ. ಬಡಗಿ ನನ್ನ ಮುಖ ನೋಡಿ ನಕ್ಕ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮತ್ತೆ ಹೇಳಿದರು: "ಹೋಗಲಿ, ಇಲ್ಲಿಯದಾದರೂ ಗೊತ್ತೋ? ಒಂದು ಸ್ಟೇಷನ್ ಆಚೆ ಅಷ್ಟು ದೊಡ್ಡ ಕಾಡಿದೆ. ಮೂವತ್ತನಾಲ್ಕು ವರ್ಷದಲ್ಲಿ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಊರಿನಿಂದ ನೆಂಟರು ಬಂದಿದ್ದರು."

ನಮ್ಮ ಮಗಳಿಗೆ ಆಗ ಒಂಬತ್ತು ವರ್ಷ. ಅಲ್ಲಿಯೇ ಕುಳಿತು ಚಿತ್ರ ಬರೆಯುತ್ತಿದ್ದಳು. ರಾಯರ ಮಾತು ಮುಗಿದ ಮೇಲೆ ನಾವೂ ನಮ್ಮ ಮನೆಯಾಕೆಯೂ ಮುಖ ಮುಖ ನೋಡಿಕೊಂಡೆವು. ರಾಯರಿಗಾದರೂ ಮರೆಯಲು ಒಂದು ಹೆಸರಿತ್ತು. ಈ ಹುಡುಗಿಗೆ ಅದೂ ಇಲ್ಲ. ಆ ಡಿಸೆಂಬರಿನಿಂದ ತಿಂಗಳಿಗೊಂದು ಭಾನುವಾರ ಸಂಘದ ನಾಲ್ಕಾರು ಮನೆಯವರು ಮಕ್ಕಳನ್ನು ಕರೆದುಕೊಂಡು ಕಾಡಿಗೆ ಹೋಗುವ ಪದ್ಧತಿ ಹಾಕಿಕೊಂಡೆವು. ರಾಯರೂ ಕೋಲೂರಿಕೊಂಡು ಜೊತೆಗೆ ಬಂದರು.

ಕಾಡೆಂದರೆ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಸುಮಾರು ೧೦೩ ಚದರ ಕಿಲೋಮೀಟರಿನ ಈ ಕಾಡಿನ ಅಂಚು ಕಾಂದಿವಲಿ ಪೂರ್ವದ ಮನೆಗಳಿಗೆ ಮುಟ್ಟಿಕೊಂಡಿದೆ. ಇದರೊಳಗೆ ಚಿರತೆಗಳಿವೆಯೆಂಬುದು ಇಲ್ಲಿ ಮನೆಮಾಡಿದವರಿಗೆಲ್ಲ ಗೊತ್ತು. ೧೮೬೦ರ ವಿಹಾರ ಕೆರೆ, ೧೮೭೯ರ ತುಳಸಿ ಕೆರೆ ಎರಡೂ ಇದರ ಮಡಿಲಲ್ಲಿವೆ. ಮುಂಬಯಿಗೆ ಇಂದಿಗೂ ನೀರು ಕೊಡುತ್ತವೆ. ನಮ್ಮ ಪೇಟೆಯ ನಡುವೆ ಹರಿಯುವ, ನಾವೆಲ್ಲ ಮೂಗು ಮುಚ್ಚಿಕೊಂಡು 'ನಾಲಾ' ಎಂದು ಕರೆಯುವ ಪೊಯಿಸರ್ ಕೂಡ ಹುಟ್ಟುವುದು ಈ ಕಾಡಿನ ಬೆಟ್ಟಗಳಲ್ಲಿ. ಅದು ಹೊಳೆಯೆಂದು ತಿಳಿದ ದಿನ ಮಕ್ಕಳು ಒಂದು ಘಳಿಗೆ ನಂಬಲಿಲ್ಲ.

ಮೊದಲ ಸಲ ಹೋದಾಗ ಸಾಹಸವೆಲ್ಲ ಮಂಗಗಳ ಪಾಲಿಗೆ ಸಂದಿತು. ನಮ್ಮ ಮನೆಯಾಕೆ ಬೆಳಗಿನ ಐದಕ್ಕೆ ಎದ್ದು ಕಲಸಿದ ಚಿತ್ರಾನ್ನದ ಡಬ್ಬಿಯನ್ನು ಒಂದು ದೊಡ್ಡ ಮಂಗ ನಮ್ಮ ಕೈಯಿಂದಲೇ ಕಿತ್ತುಕೊಂಡು ಮರವೇರಿ, ಮುಚ್ಚಳ ತೆಗೆದು, ಒಗ್ಗರಣೆಯ ಮೆಣಸಿನಕಾಯಿಯನ್ನು ಮಾತ್ರ ಆರಿಸಿ ಕೆಳಗೆಸೆಯಿತು. ದಕ್ಷಿಣ ಅಮೆರಿಕ ಅದರ ಹೊಟ್ಟೆಗೆ ಇನ್ನೂ ಒಗ್ಗಿಲ್ಲವೆಂದು ತೋರುತ್ತದೆ.

ಗಿಡಮರಗಳ ವಿಷಯದಲ್ಲಿ ನಮಗೆ ಗುರುವಾದವರು ಕಾಡಿನ ದಾರಿಯಲ್ಲಿ ಹಣ್ಣು ಮಾರುವ ಒಬ್ಬ ಆದಿವಾಸಿ ಅಜ್ಜಿ. ಬೇಸಗೆಯಲ್ಲಿ ಎಲೆಯ ಪೊಟ್ಟಣದಲ್ಲಿ ಕಪ್ಪು ಹಣ್ಣು ಮಾರುತ್ತ, "ಕರವಂದ" ಎಂದರು. ರಾಯರು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಕವಳಿ ಹಣ್ಣು!" ಎಂದರು. ಅಲ್ಲಿಂದ ಶುರುವಾಯಿತು. ಅಜ್ಜಿ ಮರಾಠಿಯಲ್ಲಿ ಹೆಸರು ಹೇಳುವುದು. ರಾಯರು ಮರದ ಬುಡದಲ್ಲಿ ನಿಂತು, ತೊಗಟೆ ಮುಟ್ಟಿ, ಎಲೆ ನೋಡಿ, ತಮ್ಮ ಬಾಲ್ಯವನ್ನೆಲ್ಲ ತಡಕಾಡಿ ಕನ್ನಡದ ಹೆಸರನ್ನು ಹೊರಗೆಳೆಯುವುದು. ಮಕ್ಕಳು ಎರಡನ್ನೂ ಬರೆದುಕೊಳ್ಳುವುದು. ಪಳಸ ಎಂದರೆ ಮುತ್ತುಗ. ಸಾವರ ಎಂದರೆ ಬೂರುಗ. ಬಹಾವಾ ಎಂದರೆ ಕಕ್ಕೆ. ಮೋಹ ಎಂದರೆ ಹಿಪ್ಪೆ. ಕುಡಾ ಎಂದರೆ ಕೊಡಸಿಗೆ. ಶಿವಣ ಎಂದರೆ ನಮ್ಮ ಶಿವನೆಯೇ. ಅದನ್ನು ಅನುವಾದಿಸುವ ಕಷ್ಟವೇ ಇಲ್ಲ. ಒಂದು ದಿನ ಅಜ್ಜಿ ಮೊಸಳೆಯ ಬೆನ್ನಿನಂತೆ ತೊಗಟೆ ಸೀಳಿದ ಮರ ತೋರಿಸಿ "ಐನ" ಎಂದರು. ರಾಯರು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. ಆಮೇಲೆ, "ಮತ್ತಿ" ಎಂದರು. "ನಮ್ಮ ಹಿತ್ತಲಿನದು ಇದೇ. ಮತ್ತಿ." ಅವರ ದನಿ ಸ್ವಲ್ಪ ನಡುಗಿತು. ನಮ್ಮ ಮಗಳು ಪುಸ್ತಕದಲ್ಲಿ 'ಮತ್ತಿ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ 'ಅಜ್ಜನ ಮನೆಯ ಮರ' ಎಂದು ಸೇರಿಸಿದಳು.

ರಾಷ್ಟ್ರೀಯ ಉದ್ಯಾನದಲ್ಲಿ ಎಲೆ ಹೂವು ಕೀಳುವುದಕ್ಕೆ ಕಾನೂನಿನ ತಡೆಯಿದೆ. ಒತ್ತುವ ಹಲಗೆಯ ಕೆಲಸ ನಮಗೆ ಬೇಡ. ಆದ್ದರಿಂದ ಸ್ವಾಮಿಯವರ ಇನ್ನೊಂದು ದಾರಿ ಹಿಡಿದೆವು. ಮಕ್ಕಳು ಮರದ ಮುಂದೆ ಕುಳಿತು ಚಿತ್ರ ಬರೆಯುತ್ತಾರೆ, ತಾರೀಖು ಹಾಕುತ್ತಾರೆ, ಸ್ಥಳ ಬರೆಯುತ್ತಾರೆ. ಬರೆಯಲು ಹೊರಟಾಗಲೇ ಎಲೆಯ ಅಂಚು ನಯವೋ ಗರಗಸವೋ ಎಂಬುದು ಕಣ್ಣಿಗೆ ಬೀಳುತ್ತದೆಯೆಂದು ನಮ್ಮ ಅನುಭವ.

ಗೇಟಿನಿಂದ ಆರೇಳು ಕಿಲೋಮೀಟರು ಒಳಗೆ ಕಾನ್ಹೇರಿಯ ಗುಹೆಗಳಿವೆ. ಕಪ್ಪು ಬಂಡೆಯಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ನೂರಕ್ಕೂ ಮಿಕ್ಕ ಗುಹೆಗಳು. ಅಲ್ಲಿಯ ಶಾಸನಗಳಲ್ಲಿ ಒಂಬತ್ತನೆಯ ಶತಮಾನದವು ಕೆಲವು ರಾಷ್ಟ್ರಕೂಟ ಅಮೋಘವರ್ಷನ ಕಾಲದವು. ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದಾಗ ಕೆತ್ತಿದವು. ನಮ್ಮ ನೃಪತುಂಗನೇ! ಕವಿರಾಜಮಾರ್ಗದ ಹೆಸರನ್ನು ಶಾಲೆಯಲ್ಲಿ ಉರುಹೊಡೆದ ನಾವು, ಅವನ ಕಾಲದ ಬರಹ ಕಾಂದಿವಲಿಯ ಹಿಂದಿನ ಬೆಟ್ಟದಲ್ಲಿದೆಯೆಂದು ತಿಳಿದಾಗ ಮಕ್ಕಳ ಮುಂದೆ ಸ್ವಲ್ಪ ಬೀಗಿದ್ದುಂಟು. ಭಾಷೆ ಅಲ್ಲಿ ಸಂಸ್ಕೃತ. ದಾನ ಕೊಟ್ಟವರಲ್ಲಿ ದೂರದ ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ, ಬಂದ ಭಕ್ತನೂ ಒಬ್ಬ. ಈ ನೆಲಕ್ಕೆ ಹೊರಗಿನಿಂದ ಬಂದು ನಿಂತವರು ನಾವು ಮೊದಲಿಗರಲ್ಲ. 'ಶಾಸನಗಳಲ್ಲಿ ಗಿಡಮರಗಳು' ಎಂಬ ಪುಸ್ತಕವನ್ನೂ ಬರೆದ ಸ್ವಾಮಿಯವರು ಜೊತೆಗಿದ್ದಿದ್ದರೆ ಇಲ್ಲಿ ಇನ್ನೇನು ತೋರಿಸುತ್ತಿದ್ದರೋ ಎಂದು ಪ್ರತಿಸಲವೂ ಅನ್ನಿಸುತ್ತದೆ.

ನಾವು ಕಂಡ ದೊಡ್ಡ ಸೊಗಸೆಂದರೆ ೨೦೨೪ರ ಮಳೆಗಾಲದ ಕಾರ್ವಿ. ನೀಲಗಿರಿಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ಬಂಧು ಇದು. ಏಳು ವರ್ಷ ಬರಿಯ ಹಸುರಾಗಿ ಬೆಳೆದು, ಎಂಟನೆಯ ವರ್ಷ ಬೆಟ್ಟದ ಕಾರ್ವಿಯೆಲ್ಲ ಒಟ್ಟಿಗೆ ನೇರಳೆ ಹೂಬಿಟ್ಟು, ಬೀಜ ಕಟ್ಟಿ ಸತ್ತುಹೋಗುತ್ತದೆ. ಅದರ ನೆಟ್ಟನೆಯ ಕಡ್ಡಿಗಳನ್ನು ಹೆಣೆದು ಮಣ್ಣು ಮೆತ್ತಿ ಇಲ್ಲಿಯ ವಾರಲಿಗಳು ಗುಡಿಸಲಿನ ಗೋಡೆ ಕಟ್ಟುತ್ತಾರೆ. ೨೦೦೮ರಲ್ಲಿ ಅರಳಿತ್ತು, ೨೦೧೬ರಲ್ಲಿ ಅರಳಿತ್ತು. ಎರಡು ಸಲವೂ ನಾವು ಕಾಂದಿವಲಿಯಲ್ಲಿಯೇ ಇದ್ದು ಲೋಕಲ್ ಗಾಡಿ ಹಿಡಿಯುತ್ತಿದ್ದೆವು. ಈ ಸಲ ಮಳೆಯಲ್ಲಿ ನೆನೆಯುತ್ತ ನೋಡಿದೆವು. ಮುಂದಿನ ಹೂವು ೨೦೩೨ಕ್ಕೆ. ನಮ್ಮ ಮಗಳು ಆಗ ಕಾಲೇಜಿನಲ್ಲಿರುತ್ತಾಳೆ; ಯಾವ ಊರಿನಲ್ಲಿ ಓದುತ್ತಾಳೋ ತಿಳಿಯದು. ರಾಯರು ಲೆಕ್ಕ ಹಾಕಿ, "ನನಗೆ ಆಗ ಎಪ್ಪತ್ತು ದಾಟಿರುತ್ತದೆ. ಬಂದೇ ಬರುತ್ತೇನೆ" ಎಂದರು.

ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಮಕ್ಕಳ ಪಟ್ಟಿಯಲ್ಲಿ ಈಗ ನಲವತ್ತೊಂದು ಮರಗಳಿವೆ. ಮರಾಠಿ ಹೆಸರು ಎಲ್ಲಕ್ಕೂ ಉಂಟು. ಹನ್ನೊಂದಕ್ಕೆ ಕನ್ನಡದ ಹೆಸರು ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಂದಿರು, ಅಜ್ಜಿಯಂದಿರು ಇದ್ದರೆ ಒಂದು ಭಾನುವಾರ ನಮ್ಮೊಡನೆ ಕಳುಹಿಸಿಕೊಡಿ. ಏರುದಾರಿ ನಡೆಯಲಾರದವರಿಗೆ ಗೇಟಿನ ಹತ್ತಿರವೇ ಸಾಕಷ್ಟು ಮರಗಳಿವೆ. ಸೋಮವಾರ ಉದ್ಯಾನಕ್ಕೆ ರಜೆ. ಕುಡಿಯುವ ನೀರು ತನ್ನಿ. ಬುತ್ತಿಯ ಡಬ್ಬಿಯನ್ನು ಚೀಲದೊಳಗೆ ಭದ್ರವಾಗಿ ಕಟ್ಟಿ ತನ್ನಿ.